ಡೆವ್ ಫೋಲ್ಡರ್‌ನ ಹೊರಗೆ ಡಿವೈಸ್ ಫೈಲ್: ಅಳಿಸಬೇಕೇ, ಬಿಡಬೇಕೇ?

ಪ್ರಶ್ನೆ: ಲಿನಕ್ಸ್ ಸರ್ವರ್‌ನಲ್ಲಿ ಸೆಕ್ಯುರಿಟಿ ಸ್ಕ್ಯಾನ್ ಮಾಡಿದಾಗ, ಡೆವ್ ಫೋಲ್ಡರ್‌ನಲ್ಲಿರುವ ಡಿವೈಸ್ ಫೈಲ್‌ಗಳೇ (ಡಿಸ್ಕ್‌ನಂಥ ಸಾಧನಗಳಿಗೆ ದಾರಿಯಾಗುವ ಫೈಲ್‌ಗಳು) ಬೇರೆ ಕಡೆಯೂ ಇವೆ ಎಂಬ ಎಚ್ಚರಿಕೆ ಬಂತು. ಯಾರಾದರೂ ಒಳನುಗ್ಗಿದ್ದಾರೆಯೇ?

ಉತ್ತರ: ಅಳಿಸುವ ಮೊದಲು ನಂಬರ್ ನೋಡಿ. ಡಿವೈಸ್ ಫೈಲ್‌ನೊಳಗೆ ಡೇಟಾ ಇರುವುದಿಲ್ಲ. ಯಾವ ಸಾಧನ ಎಂದು ಕರ್ನಲ್‌ಗೆ (ಲಿನಕ್ಸ್‌ನ ತಿರುಳು ಭಾಗ) ತಿಳಿಸುವ ಮೇಜರ್, ಮೈನರ್ ಎಂಬ ಎರಡು ಸಂಖ್ಯೆಗಳಷ್ಟೇ ಅದರಲ್ಲಿರುತ್ತವೆ. ಎಲ್‌ಎಸ್ ಕಮಾಂಡ್‌ಗೆ ಮೈನಸ್ ಎಲ್ ಸೇರಿಸಿದರೆ ಫೈಲ್ ಗಾತ್ರ ಬರಬೇಕಾದ ಜಾಗದಲ್ಲಿ ಅವು ಕಾಣುತ್ತವೆ. ಸಾಲಿನ ಮೊದಲ ಅಕ್ಷರ ಸಿ ಆದರೆ ಕ್ಯಾರೆಕ್ಟರ್ ಡಿವೈಸ್ (ಡೇಟಾ ಹರಿವಾಗಿ ಸಾಗುವಂಥದ್ದು), ಬಿ ಆದರೆ ಬ್ಲಾಕ್ ಡಿವೈಸ್ (ಡಿಸ್ಕ್‌ನಂಥದ್ದು). ಬಗೆಯೂ ಸಂಖ್ಯೆಗಳೂ ಒಂದೇ ಆಗಿದ್ದರೆ, ಹೆಸರು ಏನೇ ಇರಲಿ, ಎರಡೂ ಒಂದೇ ಸಾಧನಕ್ಕೆ ಹೋಗುವ ಬಾಗಿಲುಗಳು.

ಡಾಕರ್ (ಆ್ಯಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪರಿಸರದಲ್ಲಿ ಓಡಿಸುವ ತಂತ್ರಾಂಶ) ಇರುವ ಯಂತ್ರದಲ್ಲಿ 0, 0 ಸಂಖ್ಯೆಯ ಕ್ಯಾರೆಕ್ಟರ್ ಫೈಲ್‌ಗಳು ರಾಶಿ ಸಿಗಬಹುದು. ಕೆಳಪದರದ ಫೈಲ್ ಅಳಿಸಲಾಗಿದೆ ಎಂದು, ಪದರಗಳನ್ನು ಒಂದರ ಮೇಲೊಂದು ಜೋಡಿಸಿ ತೋರಿಸುವ ಓವರ್‌ಲೇ ಫೈಲ್‌ಸಿಸ್ಟಮ್ ಇಟ್ಟುಕೊಳ್ಳುವ ಗುರುತುಗಳವು. ಅವನ್ನು ತೆಗೆದರೆ ಅಳಿಸಿದ ಫೈಲ್‌ಗಳು ಕಂಟೇನರ್‌ನಲ್ಲಿ ಮತ್ತೆ ಎದ್ದು ಬರುತ್ತವೆ; ಮುಟ್ಟಲೇಬೇಡಿ. ಬೈಂಡ್‌ನಂಥ ಡಿಎನ್‌ಎಸ್ ಸರ್ವರ್ ಕ್ರೂಟ್‌ನೊಳಗೆ (ಪ್ರೋಗ್ರಾಂಗೆ ಒಂದೇ ಫೋಲ್ಡರ್ ಕಾಣುವಂತೆ ಕಟ್ಟಿಹಾಕಿದ ಆವರಣ) ಓಡುತ್ತಿದ್ದರೆ ಅಲ್ಲಿ ನಲ್ (1, 3; ಬರೆದದ್ದನ್ನೆಲ್ಲ ಎಸೆಯುವ ಸಾಧನ), ರ‍್ಯಾಂಡಮ್ (1, 8; ಯಾದೃಚ್ಛಿಕ ಸಂಖ್ಯೆ ಕೊಡುವ ಸಾಧನ) ಇರುವುದೂ ಸಹಜ.

ನಿಜವಾಗಿ ಹೆದರಬೇಕಾದದ್ದು ಟೆಂಪ್ ಅಥವಾ ಹೋಮ್‌ನಲ್ಲಿ ಕಾಣುವ ಬ್ಲಾಕ್ ಫೈಲ್‌ಗೆ, ಅದರಲ್ಲೂ ಮೇಜರ್ 8 ಇದ್ದರೆ. ಅದು ಡಿಸ್ಕ್. ಅನುಮತಿಯನ್ನು ಕರ್ನಲ್ ನೋಡುವುದು ಆ ನಕಲಿನ ಮೇಲೆ, ಡೆವ್‌ನಲ್ಲಿರುವ ಮೂಲದ ಮೇಲಲ್ಲ. ನಕಲಿಗೆ 666 (ಎಲ್ಲರೂ ಓದಿ ಬರೆಯಬಹುದಾದ ಅನುಮತಿ) ಇದ್ದರೆ ಸಾಮಾನ್ಯ ಬಳಕೆದಾರನೂ ಇಡೀ ಡಿಸ್ಕನ್ನು ನೇರವಾಗಿ ಓದಬಹುದು, ಪಾಸ್‌ವರ್ಡ್ ಹ್ಯಾಶ್‌ಗಳೂ ಸೇರಿ. ಡಿವೈಸ್ ಫೈಲ್ ಸೃಷ್ಟಿಸಲು ಸಾಮಾನ್ಯವಾಗಿ ರೂಟ್ ಅಧಿಕಾರ ಬೇಕು. ಆದ್ದರಿಂದ ಯಾರು, ಯಾವಾಗ ಮಾಡಿದರು ಎಂಬುದೇ ದೊಡ್ಡ ಪ್ರಶ್ನೆ. ಮೊದಲು ಸ್ಟ್ಯಾಟ್ ಕಮಾಂಡ್‌ನಿಂದ ಸಮಯ, ಮಾಲೀಕ, ಅನುಮತಿ ಬರೆದಿಟ್ಟುಕೊಳ್ಳಿ. ಆಮೇಲೆ ಆರ್‌ಎಂ (ಅಳಿಸುವ ಕಮಾಂಡ್) ಕೊಡಿ. ಹೋಗುವುದು ಬಾಗಿಲು ಮಾತ್ರ, ಡಿಸ್ಕ್‌ನ ಡೇಟಾ ಹಾಗೇ ಇರುತ್ತದೆ.

ಮುಂದಕ್ಕೆ ಟೆಂಪ್, ಹೋಮ್ ಎರಡನ್ನೂ ನೋಡೆವ್ ಆಯ್ಕೆಯೊಂದಿಗೆ ಮೌಂಟ್ ಮಾಡಿ; ಅಲ್ಲಿ ಡಿವೈಸ್ ಫೈಲ್ ಇದ್ದರೂ ತೆರೆಯುವುದಿಲ್ಲ. ಆದರೆ ಕ್ರೂಟ್ ಇರುವ ವಿಭಾಗಕ್ಕೆ ಇದನ್ನು ಹಾಕಿದರೆ ಅಲ್ಲಿನ ನಲ್ ಕೂಡ ಕೆಲಸ ಮಾಡದು.

ಅಡಗಿದ ಮಾಲ್‌ವೇರ್ ಹುಡುಕುವ ಆರ್‌ಕೆಹಂಟರ್ ತಂತ್ರಾಂಶದ ದೂರು ಬೇರೆ ಬಗೆಯದು: ಡೆವ್‌ನೊಳಗೆ ಸಾಮಾನ್ಯ ಫೈಲ್ ಇದೆ ಎನ್ನುತ್ತದೆ. ಡೆವ್‌ನ ಎಸ್‌ಎಚ್‌ಎಂ ಫೋಲ್ಡರ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಡುವ ಹಂಚಿಕೆ ಮೆಮೊರಿ ಫೈಲ್‌ಗಳನ್ನು ಆರ್‌ಕೆಹಂಟರ್‌ನ ಕಾನ್ಫಿಗ್‌ನಲ್ಲಿ ಅಲೋಡೆವ್‌ಫೈಲ್ ಸಾಲಿಗೆ ಸೇರಿಸಿ. ಇಡೀ ಫೋಲ್ಡರ್‌ಗೆ ವಿನಾಯಿತಿ ಕೊಡಬೇಡಿ, ಮಾಲ್‌ವೇರ್ ಅಡಗುವುದೂ ಅಲ್ಲೇ. ನಲ್ ಸ್ವತಃ ಸಾಮಾನ್ಯ ಫೈಲ್ ಆಗಿಬಿಟ್ಟಿದ್ದರೆ ಅದನ್ನು ತೆಗೆದು, ಡಿವೈಸ್ ಫೈಲ್ ಸೃಷ್ಟಿಸುವ ಎಂಕೆನೋಡ್ ಕಮಾಂಡ್‌ನಿಂದ ಸಿ, 1, 3 ಎಂದು 666 ಅನುಮತಿಯಲ್ಲಿ ಮತ್ತೆ ಸೃಷ್ಟಿಸಿ.