ಕೆಂಪು ಭೀಮ, ಹಸಿರು ಹಲ್ಕ್

ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಒಂದು ರಾತ್ರಿ ‘ಕುರುಕ್ಷೇತ್ರ’ ನಾಟಕ ಆಡುವುದು ವಾಡಿಕೆ. ಇಂಥ ಪಾತ್ರಕ್ಕೆ ಇಷ್ಟು ಎಂದು ಆಡುವವರೇ ದುಡ್ಡು ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಹೊತ್ತು ಪ್ರಾಕ್ಟೀಸ್ ಮಾಡಿಸುತ್ತಾರೆ. ನಾಟಕದ ದಿನ ಮಧ್ಯಾಹ್ನ ಪರದೆ, ಕಿರೀಟ, ಭುಜಕೀರ್ತಿ, ಗದೆ ಹೇರಿಕೊಂಡು ತುಮಕೂರಿನಿಂದ ಸೀನರಿಯವರ ಗಾಡಿ ಬರುತ್ತದೆ.

ಒಂದು ವರ್ಷ ನಮ್ಮ ಸೋದರಮಾವನದು ಭೀಮನ ಪಾತ್ರ. ಬಣ್ಣದ ಮನೆಗೆ ಹೋಗಿ ನೋಡಿದರೆ ಮಾವನ ಗುರುತೇ ಸಿಗಲಿಲ್ಲ. ಹುಬ್ಬು ಬೆರಳು ದಪ್ಪ, ಕೆನ್ನೆ ಕೆಂಡದಂತೆ ಕೆಂಪು. “ಇಷ್ಟೊಂದು ಬಳಿದುಬಿಟ್ರಲ್ಲಣ್ಣ” ಎಂದೆ. ಬಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸದೆ, “ಇಲ್ಲಿ ನಿಂತು ನೋಡಬ್ಯಾಡ ಕಣಪ್ಪ. ಆ ಹಿಂದ್ಗಡೆ ಜಗಲಿ ಮೇಲೆ ಅಜ್ಜಿ ಕೂತವ್ರಲ್ಲ, ಅಲ್ಲಿಗೋಗಿ ನೋಡು” ಎಂದರು. ಹೋಗಿ ನೋಡಿದೆ. ಅಲ್ಲಿಂದ ಬಣ್ಣ ಕಾಣಲಿಲ್ಲ, ಭೀಮ ಕಾಣಿಸಿದ.

ಅವರ ಮಾತಿನ ಹಿಂದೆ ಒಂದು ಲೆಕ್ಕವಿದೆ. ಒಳ್ಳೆಯ ಬೆಳಕಿನಲ್ಲಿ ಆರೋಗ್ಯವಂತ ಕಣ್ಣು ಬೇರೆಬೇರೆಯಾಗಿ ಗುರುತಿಸಬಲ್ಲ ಅತಿ ಸಣ್ಣ ಅಂತರ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ. ರಂಗದಿಂದ 60 ಅಡಿ ದೂರ ಕೂತವರಿಗೆ ಅದು ಸುಮಾರು ಅರ್ಧ ಸೆಂಟಿಮೀಟರ್. ಅದಕ್ಕಿಂತ ಸಣ್ಣ ವಿವರಗಳೆಲ್ಲ ಒಂದರೊಳಗೊಂದು ಕಲೆತುಹೋಗುತ್ತವೆ. ಹಾಗಾಗಿ ಹುಬ್ಬು ಬೆರಳು ದಪ್ಪ ಇರಲೇಬೇಕು. ಅದೇ ಕಣ್ಣಿಗೆ, 30 ಸೆಂಟಿಮೀಟರ್ ದೂರದಲ್ಲಿ ಹಿಡಿದ ಪುಸ್ತಕದ ಮೇಲೆ ಈ ಮಿತಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು.

ಈ ಎರಡನೇ ಲೆಕ್ಕ ನನಗೆ ಮನದಟ್ಟಾದದ್ದು ಸಿದ್ಧಗಂಗೆ ಜಾತ್ರೆಯಲ್ಲಿ. ಹಳೇ ಪುಸ್ತಕದ ಗುಡ್ಡೆಯಲ್ಲಿ ರಟ್ಟು ಹರಿದ ಒಂದು ಇಂದ್ರಜಾಲ ಕಾಮಿಕ್ಸ್ ಸಿಕ್ಕಿತು. 1964ರಲ್ಲಿ ಶುರುವಾಗಿ ಹಲವು ಭಾರತೀಯ ಭಾಷೆಗಳಲ್ಲಿ ಫ್ಯಾಂಟಮ್, ಮಾಂಡ್ರೇಕರನ್ನು ಮನೆಮನೆಗೆ ತಂದ ಮಾಲೆ ಅದು. ಮನೆಗೆ ತಂದು ಫ್ಯಾಂಟಮ್‌ನ ನೇರಳೆ ಉಡುಪಿನ ಮೇಲೆ ಭೂತಗನ್ನಡಿ ಹಿಡಿದೆ. ನೇರಳೆ ಬಣ್ಣವೇ ಇಲ್ಲ! ಕಡುಗುಲಾಬಿ ಚುಕ್ಕೆಗಳು, ಅವುಗಳ ನಡುವೆ ಆಕಾಶನೀಲಿ ಚುಕ್ಕೆಗಳು, ಉಳಿದದ್ದು ಬರೀ ಕಾಗದ. ಗಾಜನ್ನು ಸರಿಸಿದರೆ ಮತ್ತೆ ನೇರಳೆ. ಆ ನೇರಳೆ ಕಾಗದದ ಮೇಲಿರಲಿಲ್ಲ, ನನ್ನ ಕಣ್ಣೊಳಗಿತ್ತು.

ಸೂಪರ್‌ಹೀರೋಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಥೆಗಾರರ ಹೆಸರುಗಳಿಂದ ಶುರುಮಾಡುತ್ತಾರೆ. ಈ ಚುಕ್ಕೆಗಳಿಗೂ ಆ ಚರಿತ್ರೆಯಲ್ಲಿ ಕಥೆಗಾರರಷ್ಟೇ ಪಾಲಿದೆ ಎಂದು ನನಗನ್ನಿಸುತ್ತದೆ. ಅಮೆರಿಕದ ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ದಿನಪತ್ರಿಕೆಯ ಅಗ್ಗದ ಕಾಗದದಲ್ಲಿ. ಶಾಯಿ ನಾಲ್ಕೇ: ಆಕಾಶನೀಲಿ, ಕಡುಗುಲಾಬಿ, ಹಳದಿ, ಕಪ್ಪು. ಕಪ್ಪು ಗೆರೆಗೆ, ಉಳಿದ ಮೂರು ಬಣ್ಣಕ್ಕೆ. ಆ ಮೂರರಲ್ಲಿ ಒಂದೊಂದನ್ನೂ ನಾಲ್ಕು ಪ್ರಮಾಣದಲ್ಲಿ ಮಾತ್ರ ಹಾಕಬಹುದಿತ್ತು: ಹಾಕದೇ ಇರುವುದು, ಶೇಕಡಾ 25, ಶೇಕಡಾ 50, ಪೂರ್ತಿ. ನಾಲ್ಕು, ನಾಲ್ಕು, ನಾಲ್ಕು ಗುಣಿಸಿದರೆ 64. ಜಗತ್ತನ್ನೆಲ್ಲ ಆ 64 ಬಣ್ಣಗಳಲ್ಲೇ ತೋರಿಸಬೇಕು. ಬಿಳಿಯರ ಮೈಬಣ್ಣಕ್ಕೆ ಅಚ್ಚುಮನೆಯವರು ಬರೆಯುತ್ತಿದ್ದ ಗುರುತು ‘ವೈ 2 ಆರ್ 2’, ಅಂದರೆ ಹಳದಿ ಕಾಲು ಭಾಗ, ಗುಲಾಬಿ ಕಾಲು ಭಾಗ. ಅದರ ಮೇಲೆ ಆ ಕಾಗದ ಶಾಯಿ ಕುಡಿದು ಚುಕ್ಕೆಯನ್ನು ಹರಡಿಸುತ್ತದೆ. ನವಿರಾದ ಬಣ್ಣ ಹಾಕಿದರೆ ರಾಡಿಯಾಗುತ್ತದೆ, ಗಟ್ಟಿ ಬಣ್ಣ ಉಳಿದುಕೊಳ್ಳುತ್ತದೆ.

1938ರ ಜೂನ್ ಸಂಚಿಕೆ ಎಂದು ಅಚ್ಚಾದ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಬೆಲೆ 10 ಸೆಂಟ್. ಮುಖಪುಟದಲ್ಲಿ ಕಾರನ್ನು ತಲೆಯ ಮೇಲೆತ್ತಿ ಹಿಡಿದ ಸೂಪರ್‌ಮ್ಯಾನ್: ನೀಲಿ ಅಂಗಿ, ಕೆಂಪು ಮೇಲುಹೊದಿಕೆ, ಎದೆಯ ಮೇಲೆ ಹಳದಿ. ಗುಲಾಬಿ, ಹಳದಿ ಎರಡನ್ನೂ ಪೂರ್ತಿ ಹಾಕಿದರೆ ಕಡುಗೆಂಪು ಬರುತ್ತದೆ. ಎಂಥ ಕಳಪೆ ಅಚ್ಚಿನಲ್ಲೂ ಕೆಡದ ಬಣ್ಣಗಳಿವು. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಕ್ಲೀವ್‌ಲ್ಯಾಂಡಿನ ಯುವಕರು, ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಅವನ ಹಕ್ಕನ್ನು ಅವರು 130 ಡಾಲರಿಗೆ ಮಾರಿಬಿಟ್ಟರು. ಇದನ್ನು ಯಾವಾಗ ಓದಿದರೂ ಹೊಟ್ಟೆ ಉರಿಯುತ್ತದೆ.

ಆ ಮೊದಲ ಸಂಚಿಕೆಯಲ್ಲಿ ಅವನು ಅನ್ಯಗ್ರಹದವರ ಜೊತೆ ಕಾದಾಡುವುದಿಲ್ಲ. ತಪ್ಪಿಲ್ಲದೆ ಮರಣದಂಡನೆಗೆ ಗುರಿಯಾದ ಹೆಣ್ಣುಮಗಳನ್ನು ಉಳಿಸುತ್ತಾನೆ. ಹೆಂಡತಿಗೆ ಹೊಡೆಯುವವನನ್ನು ಹಿಡಿದು ಬಾರಿಸುತ್ತಾನೆ. ಉಳಿದ ಹೊತ್ತಿನಲ್ಲಿ ಪತ್ರಿಕಾ ಕಚೇರಿಯ ಪುಕ್ಕಲ ವರದಿಗಾರ. ನಮಗೆ ಇದು ಹೊಸದೇ? ವಿರಾಟನ ಅಡುಗೆಮನೆಯಲ್ಲಿ ಸೌಟು ಹಿಡಿದ ವಲಲ, ದ್ರೌಪದಿಯ ಕಣ್ಣೀರು ಕಂಡು, ರಾತ್ರಿ ಕೀಚಕನ ಕಥೆ ಮುಗಿಸಿ, ಬೆಳಗ್ಗೆ ಮತ್ತೆ ಒಲೆ ಮುಂದೆ ನಿಂತವನು. ಇಲ್ಲೇ ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದ ಜಾಗ ಎಂದು ಜನ ನಂಬುತ್ತಾರೆ. ಅಲ್ಲೂ ಭೀಮ ವೇಷ ಮರೆಸಿಕೊಂಡೇ ಇದ್ದ. ಬಲವಿದ್ದವನು ಅಡಗಿರಬೇಕು, ಬಲವಿಲ್ಲದವರಿಗಾಗಿ ಮಾತ್ರ ಹೊರಬರಬೇಕು ಎಂಬ ಆಸೆ ಹಸಿದ ಕಾಲಗಳಲ್ಲಿ ಹುಟ್ಟುತ್ತದೆ. 1938ರ ಅಮೆರಿಕ ಆರ್ಥಿಕ ಕುಸಿತದಿಂದ ಇನ್ನೂ ಎದ್ದಿರಲಿಲ್ಲ.

ಸೂಪರ್‌ಮ್ಯಾನ್ ಎದೆಯ ಮೇಲಿನ ಗುರುತೂ ಅಷ್ಟೇ, ನಮಗೆ ಹೊಸದಲ್ಲ. ಅಂಗೈಯಗಲದ ಚೌಕದಲ್ಲಿ, ಮುಖ ಉಗುರಿನಷ್ಟೇ ಇರುವಾಗ, ಯಾರು ಯಾರೆಂದು ತಿಳಿಯಬೇಕಲ್ಲ. ಕುರುಕ್ಷೇತ್ರದ ಧೂಳಿನಲ್ಲೂ ಇದೇ ಪಾಡು. ಹಾಗಾಗಿ ಅರ್ಜುನನ ಬಾವುಟದಲ್ಲಿ ಹನುಮ, ಭೀಷ್ಮರದರಲ್ಲಿ ತಾಳೆಮರ. ಉರಗಪತಾಕ ಎಂದರೆ ನಮ್ಮ ಕವಿಗಳಿಗೆ ದುರ್ಯೋಧನ, ಹೆಸರೇ ಬೇಡ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. 1939ರಲ್ಲಿ ಬ್ಯಾಟ್‌ಮ್ಯಾನ್ ಬಂದ. ಅಮೆರಿಕ ಯುದ್ಧಕ್ಕಿಳಿಯುವ ಮೊದಲೇ, 1941ರ ಮಾರ್ಚ್ ಸಂಚಿಕೆಯ ಮುಖಪುಟದಲ್ಲಿ ಕ್ಯಾಪ್ಟನ್ ಅಮೆರಿಕ ಹಿಟ್ಲರನ ದವಡೆಗೆ ಗುದ್ದಿದ. ಯುದ್ಧ ಮುಗಿದ ಮೇಲೆ ಈ ವೀರರ ಮಾರಾಟ ಇಳಿಯಿತು. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂಬ ಗದ್ದಲ ಎದ್ದು, 1954ರಲ್ಲಿ ಪ್ರಕಾಶಕರು ತಮಗೆ ತಾವೇ ಕಟ್ಟುನಿಟ್ಟಿನ ಸಂಹಿತೆ ಹಾಕಿಕೊಂಡರು.

ನನಗೆ ಬಹಳ ಇಷ್ಟವಾದ ಘಟನೆ 1962ರದ್ದು. ‘ಹಲ್ಕ್’ ಮೊದಲ ಸಂಚಿಕೆಯಲ್ಲಿ ಆ ದೈತ್ಯ ಬೂದುಬಣ್ಣದವನು. ಆದರೆ ಬೂದು ಎಂದರೆ ಆ ಅಚ್ಚುಯಂತ್ರಕ್ಕೆ ದೊಡ್ಡ ತಲೆನೋವು. ಮೂರೂ ಬಣ್ಣ ತಕ್ಕಡಿಯಲ್ಲಿಟ್ಟಂತೆ ಸಮತೂಕದಲ್ಲಿ ಬಿದ್ದರೆ ಮಾತ್ರ ಬೂದು. ನೀಲಿ ಚೂರು ಹೆಚ್ಚಾದರೆ ತಣ್ಣನೆಯ ಛಾಯೆ, ಗುಲಾಬಿ ಹೆಚ್ಚಾದರೆ ಕೆಂಪುಛಾಯೆ. ಕೆಂಪು ಚೂರು ಹೆಚ್ಚುಕಮ್ಮಿಯಾದರೆ ನಮ್ಮ ಕಣ್ಣು ಕ್ಷಮಿಸುತ್ತದೆ, ಬೂದು ಆಚೀಚೆ ಸರಿದರೆ ತಕ್ಷಣ ಹಿಡಿದುಬಿಡುತ್ತದೆ. ಒಂದೇ ಸಂಚಿಕೆಯಲ್ಲಿ ಪುಟಪುಟಕ್ಕೂ ಹಲ್ಕನ ಬಣ್ಣ ಬದಲಾಯಿತು. ಎರಡನೇ ಸಂಚಿಕೆಗೆ ಅವನನ್ನು ಹಸಿರು ಮಾಡಿದರು. ಇವತ್ತು ತುಮಕೂರಿನ ಯಾವ ಮಗುವನ್ನು ಕೇಳಿದರೂ ಹಲ್ಕ್ ಹಸಿರು. ಫ್ಯಾಂಟಮ್‌ನ ಪಾಡೂ ಇದೇ. ಸೃಷ್ಟಿಕರ್ತ ಲೀ ಫಾಕ್ ಮನಸ್ಸಿನಲ್ಲಿದ್ದ ಉಡುಪು ಬೂದು. 1939ರಲ್ಲಿ ಭಾನುವಾರದ ಬಣ್ಣದ ಪುಟಕ್ಕೆ ಬಂದಾಗ ಅದು ನೇರಳೆಯಾಯಿತು. ಇಟಲಿಯಲ್ಲಿ ಕೆಂಪು, ಸ್ವೀಡನ್ನಿನಲ್ಲಿ ನೀಲಿ.

ನಮ್ಮಲ್ಲೂ ಹೀಗೇ ಆಯಿತು. ಅಮರ ಚಿತ್ರ ಕಥೆಯನ್ನು ಬೆಳೆಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲೆಯ ಮೊಟ್ಟಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲೇ ಬಂದವು ಎನ್ನುವುದನ್ನು ನಾವು ಮರೆತೇಬಿಟ್ಟಿದ್ದೇವೆ. ಆರಂಭದಲ್ಲಿ ಪೂರ್ತಿ ಬಣ್ಣಕ್ಕೆ ದುಡ್ಡಿಲ್ಲದೆ ಹಳದಿ, ನೀಲಿ, ಹಸಿರುಗಳಲ್ಲೇ ಒಳಪುಟಗಳು ಅಚ್ಚಾದವು.

1962ರಲ್ಲೇ ಬಂದ ಸ್ಪೈಡರ್‌ಮ್ಯಾನ್ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡವನು. ಒಳಗಿರುವ ಹುಡುಗನ ಮೈಬಣ್ಣ ಕಾಣುವುದೇ ಇಲ್ಲ, ‘ವೈ 2 ಆರ್ 2’ ಬೇಕೇ ಆಗುವುದಿಲ್ಲ. ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಮುಖವಾಡ ಹಾಕಿಕೊಂಡು ನನ್ನ ತಂಗಿಯ ಮಗ ಅಡಿಕೆ ತೋಟದಲ್ಲಿ ಜಿಗಿಯುವಾಗ ಅವನು ಪೂರ್ತಿ ಸ್ಪೈಡರ್‌ಮ್ಯಾನೇ.

ಹೋದ ಸಲದ ನಾಟಕಕ್ಕೆ ಹಳೇ ಹಳದಿ ಬಲ್ಬು ತೆಗೆದು ಎಲ್‌ಇಡಿ ದೀಪ ಕಟ್ಟಿದ್ದರು. ಅಗ್ಗದ ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕಡುಗೆಂಪಿನ ಅಂಶ ಕಡಿಮೆ. ಭೀಮನ ಕೆನ್ನೆ ಸಪ್ಪೆಯಾಗಿ, ಇಟ್ಟಿಗೆಪುಡಿ ಬಳಿದಂತೆ ಕಾಣುತ್ತಿತ್ತು. ಬಣ್ಣದವರು ಮೊದಲ ಅಂಕ ನಡೆಯುವಾಗಲೇ ಜನರ ಹಿಂದೆ ಹೋಗಿ ಆ ಜಗಲಿಯ ಹತ್ತಿರ ನಿಂತು ನೋಡಿ ಬಂದರು. ಪರದೆ ಬಿದ್ದ ಕೂಡಲೇ ಮಾವನನ್ನು ಕುರ್ಚಿ ಮೇಲೆ ಕೂರಿಸಿ, ಇಂಗಳೀಕದ ಬಟ್ಟಲಿಗೆ ಬೆರಳು ಅದ್ದಿ, ಇನ್ನೂ ಎರಡು ಸುತ್ತು ಕೆಂಪು ಹಚ್ಚಿದರು.