ಭೂಮಿಯೊಂದಿಗೆ ಪ್ರಾಣಿಯೂ ಕ್ರಯಕ್ಕೆ: ಆಫ್ರಿಕಾದ ದಕ್ಷಿಣದಲ್ಲಿ ವನ್ಯಜೀವಿಗಳಿಗೆ ಮಾಲೀಕರು ಬಂದ ಬಗೆ

ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ ಗೇಮ್ ಫಾರ್ಮ್, ಅಂದರೆ ಬೇಲಿಯೊಳಗೆ ಕಾಡುಪ್ರಾಣಿ ಸಾಕುವ ಖಾಸಗಿ ಜಮೀನು, ಒಂದು ಮಾರಾಟಕ್ಕೆ ಬಂದರೆ, ಮನೆ, ಕೊಳವೆಬಾವಿ, ಜೀಪು, ಮಾಂಸದ ಶೈತ್ಯಕೋಣೆಗಳ ಜೊತೆಗೇ ಇಂಪಾಲಾ, ಕುಡು ಎಂಬ ಹುಲ್ಲೆಗಳ, ಜೀಬ್ರಾ, ಜಿರಾಫೆಗಳ ತಲೆಲೆಕ್ಕವೂ ಚೌಕಾಶಿಗೆ ಬರುತ್ತದೆ. ಹೆಲಿಕಾಪ್ಟರ್‌ನಲ್ಲಿ ಜಮೀನಿನ ಮೇಲೆ ಸಾಲುಸಾಲಾಗಿ ಹಾರಿ ಪ್ರಾಣಿಗಳನ್ನು ಎಣಿಸುತ್ತಾರೆ. ಬೇಲಿ ಎಷ್ಟು ಎತ್ತರ, ವಿದ್ಯುತ್ ತಂತಿ ಸರಿಯಾಗಿದೆಯೇ, ಬೇಸಿಗೆಯಲ್ಲಿ ಯಾವ ಬಾವಿ ಬತ್ತುತ್ತದೆ ಎಂದು ವಿಚಾರಿಸುತ್ತಾರೆ. ಆಮೇಲೆ ಎಲ್ಲಕ್ಕೂ ಸೇರಿಸಿ ಒಂದು ಬೆಲೆ.

ನಮ್ಮಲ್ಲಿ ಇದನ್ನು ಊಹಿಸುವುದೂ ಕಷ್ಟ. ಕೊಡಗಿನ ಕಾಫಿ ತೋಟಕ್ಕೆ ನುಗ್ಗಿದ ಆನೆಯ ಮೇಲೆ ತೋಟದ ಮಾಲೀಕನಿಗೆ ಯಾವ ಹಕ್ಕೂ ಇಲ್ಲ. ಅದು ಅಲ್ಲೇ ಸತ್ತುಬಿದ್ದರೂ ದಂತ ಸರ್ಕಾರದ ಸ್ವತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮಗೆ, ಹುಲ್ಲೆಯನ್ನು ಹರಾಜಿಗಿಡುವ ದೇಶ ಅಸಹ್ಯ ಹುಟ್ಟಿಸಬಹುದು. ಆದರೆ ಅದೇ ದೇಶದಲ್ಲಿ ಸುಮಾರು 9,000 ಖಾಸಗಿ ಗೇಮ್ ಫಾರ್ಮ್‌ಗಳಿವೆ. ಅವುಗಳ ಒಟ್ಟು ವಿಸ್ತಾರ ಸರ್ಕಾರದ ರಾಷ್ಟ್ರೀಯ ಉದ್ಯಾನಗಳ ಎರಡು ಪಟ್ಟಿಗೂ ಹೆಚ್ಚು. ಅಲ್ಲಿನ ಬಿಳಿ ಘೇಂಡಾಮೃಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಖಾಸಗಿಯವರ ಬಳಿ ಇವೆ. 2023ರ ಫೆಬ್ರುವರಿಯಲ್ಲಿ ಕುನೊಗೆ ಬಂದ 12 ಚೀತಾಗಳೂ ಫಿಂಡಾ, ಸ್ವಾಲು ಮುಂತಾದ ಬೇಲಿಯೊಳಗಿನ ಮೀಸಲುಗಳಿಂದ ಬಂದವೇ. ಫಿಂಡಾ 1991ಕ್ಕೆ ಮುಂಚೆ ಅನಾನಸು ಮತ್ತು ಕತ್ತಾಳೆ ಬೆಳೆದು ಸವೆದ ಹೊಲಗಳ, ದನ ಮೇಯಿಸಿ ಬೋಳಾದ ಹುಲ್ಲುಗಾವಲುಗಳ ನೆಲವಾಗಿತ್ತು. ಮೈಸೂರು ಮೃಗಾಲಯಕ್ಕೆ 2020ರಲ್ಲಿ ಬಂದ ಮೂರು ಚೀತಾಗಳೂ ದಕ್ಷಿಣ ಆಫ್ರಿಕಾದ ಖಾಸಗಿ ತಳಿ ಕೇಂದ್ರವೊಂದರಲ್ಲಿ ಹುಟ್ಟಿದವು.

ಹಾಗಾಗಿ ಈ ವ್ಯವಸ್ಥೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ನನ್ನ ತಕರಾರು ಬೇರೆ. ಪ್ರಾಣಿಯ ಮೇಲಿನ ಹಕ್ಕು ಆ ನಾಡಿನಲ್ಲಿ ಬಿಳಿಯ ಜಮೀನುದಾರರಿಗೆ ಮೊದಲು ಸಿಕ್ಕಿತು, ಬೇಲಿಯಾಚೆಯ ಕಪ್ಪು ಜನರಿಗೆ ವರ್ಷಗಟ್ಟಲೆ ತಡವಾಗಿ ಸಿಕ್ಕಿತು. ಇವತ್ತು ಅಲ್ಲಿ ಒಂದು ರಾಂಚ್, ಅಂದರೆ ಪ್ರಾಣಿ ಸಾಕುವ ದೊಡ್ಡ ಜಮೀನು, ಕೊಳ್ಳುವವರು ಆ ಅಂತರವನ್ನೂ ಜಮೀನಿನ ಜೊತೆಗೇ ಕೊಳ್ಳುತ್ತಾರೆ.

ಹಳೆಯ ರೋಮನ್-ಡಚ್ ಕಾನೂನಿನ ಪ್ರಕಾರ ಕಾಡುಪ್ರಾಣಿ ಯಾರ ಸ್ವತ್ತೂ ಅಲ್ಲ, ಹೊಡೆದವನದು, ಹಿಡಿದವನದು. ದಕ್ಷಿಣ ತುದಿಯ ಕೇಪ್‌ನಿಂದ ಉತ್ತರಕ್ಕೆ ಹಬ್ಬಿದ ಬಿಳಿಯ ವಲಸಿಗರು ಈ ನಿಯಮದ ಅಡಿಯಲ್ಲೇ ಎರಡು ಶತಮಾನ ಬಂದೂಕು ನಡೆಸಿದರು. ಅರ್ಧ ಮೈಗೆ ಮಾತ್ರ ಪಟ್ಟೆಯಿದ್ದ ಕ್ವಾಗಾ ಎಂಬ ಜೀಬ್ರಾದ ಕೊನೆಯ ಜೀವ 1883ರಲ್ಲಿ ಆ್ಯಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತಿತು. ಬಾಂಟೆಬಾಕ್ ಎಂಬ ಹುಲ್ಲೆಗಾಗಿ 1931ರಲ್ಲಿ ಉದ್ಯಾನ ಮಾಡಿದಾಗ ಅದರೊಳಗೆ ಬಿಡಲು ಸಿಕ್ಕಿದ್ದು 17 ಮಾತ್ರ. ದಕ್ಷಿಣದ ಬಿಳಿ ಘೇಂಡಾಮೃಗಗಳು 19ನೇ ಶತಮಾನದ ಕೊನೆಗೆ ಜುಲುಲ್ಯಾಂಡಿನ ಉಂಫೊಲೊಜಿ ನದಿಗಳ ನಡುವಿನ ಒಂದು ತುಂಡು ಕಾಡಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು.

ಬಂದೂಕಿನ ಜೊತೆಗೆ ದನವೂ ಸೇರಿಕೊಂಡಿತು. 1896ರ ಸುಮಾರಿಗೆ ದನಗಳಿಂದ ಹಬ್ಬಿದ ದೊಡ್ಡರೋಗ ಕಾಡೆಮ್ಮೆ, ಹುಲ್ಲೆಗಳನ್ನೂ ಬಿಡಲಿಲ್ಲ. ಅದಾದ ಮೇಲೆ ಸರ್ಕಾರಗಳೇ ವನ್ಯಜೀವಿಗಳ ಮೇಲೆ ಯುದ್ಧ ಹೂಡಿದವು. ದನಗಳಿಗೆ ನಗಾನಾ ರೋಗ ತರುವ ತ್ಸೆತ್ಸೆ ನೊಣ ಕಾಡುಪ್ರಾಣಿಗಳ ರಕ್ತ ಕುಡಿದು ಬದುಕುತ್ತದೆ, ಆದ್ದರಿಂದ ಪ್ರಾಣಿಗಳನ್ನೇ ತೆಗೆದುಬಿಟ್ಟರೆ ನೊಣವೂ ಹೋಗುತ್ತದೆ ಎಂಬ ಲೆಕ್ಕದಲ್ಲಿ, ಈಗಿನ ಜಿಂಬಾಬ್ವೆಯಾದ ದಕ್ಷಿಣ ರೊಡೇಷಿಯಾದಲ್ಲಿ 1930ರ ದಶಕದಿಂದ 1960ರ ದಶಕದ ಆರಂಭದವರೆಗೆ ಆರು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಗುಂಡಿಕ್ಕಿ ಕೊಂದರು. ಆ ಕಾಲದಲ್ಲಿ ಜಮೀನುದಾರನ ಕಣ್ಣಿಗೆ ಜೀಬ್ರಾ ಎಂದರೆ ದನದ ಹುಲ್ಲು ತಿನ್ನುವ ಪೀಡೆ.

ಲೆಕ್ಕ ತಿರುಗಿದ್ದು ಅದೇ ರೊಡೇಷಿಯಾದಲ್ಲಿ. 1950ರ ದಶಕದ ಕೊನೆಗೆ ಫುಲ್‌ಬ್ರೈಟ್ ವೇತನದ ಮೇಲೆ ಬಂದ ಅಮೆರಿಕದ ಜೀವಶಾಸ್ತ್ರಜ್ಞರಾದ ರೇಮಂಡ್ ಡಾಸ್‌ಮನ್ ಮತ್ತು ಆರ್ಚಿ ಮಾಸ್‌ಮನ್, ಹೆಂಡರ್ಸನ್ ಸಹೋದರರ ರಾಂಚ್‌ನಲ್ಲಿ ಕಾಡುಪ್ರಾಣಿಗಳನ್ನು ಎಣಿಸಿ, ತೂಗಿ, ಮಾಂಸದ ಬೆಲೆ ಕಟ್ಟಿದರು. ಮಳೆ ಕಡಿಮೆಯಿರುವ ಆ ನೆಲದಲ್ಲಿ ದನಕ್ಕಿಂತ ಕಾಡುಪ್ರಾಣಿಯೇ ಹೆಚ್ಚು ಲಾಭ ತರಬಲ್ಲದು ಎಂಬುದು ಅವರ ತೀರ್ಮಾನ. ದನ ಹುಲ್ಲನ್ನಷ್ಟೇ ಬೋಳಿಸುತ್ತದೆ; ಕುಡು ಎಲೆ ತಿನ್ನುತ್ತದೆ, ಇಂಪಾಲಾ ಎರಡನ್ನೂ, ಜಿರಾಫೆ ಯಾರಿಗೂ ಎಟುಕದ ಕೊಂಬೆಯನ್ನು. ಮಾಂಸದ ವ್ಯಾಪಾರ ಮುಂದೆ ಅವರು ಅಂದುಕೊಂಡಷ್ಟು ಕೈಹಿಡಿಯಲಿಲ್ಲ, ನಿಜವಾದ ಹಣ ವಿದೇಶಿ ಬೇಟೆಗಾರರಿಂದ ಬಂತು. ಆದರೂ ಕಾಡುಪ್ರಾಣಿ ಬೆಳೆಯೂ ಆಗಬಹುದು ಎಂಬ ಮಾತು ಸರ್ಕಾರಗಳ ಕಿವಿಗೆ ಬಿದ್ದಿತ್ತು.

ಕಾನೂನುಗಳು ಒಂದರ ಹಿಂದೊಂದು ಬಂದವು. ನೈಋತ್ಯ ಆಫ್ರಿಕಾ, ಅಂದರೆ ಈಗಿನ ನಮೀಬಿಯಾ, 1960ರ ದಶಕದ ಕೊನೆಯಲ್ಲಿ ಮತ್ತು 1975ರಲ್ಲಿ ಬೇಲಿ ಹಾಕಿದ ಜಮೀನಿನ ಮಾಲೀಕರಿಗೆ ಹುಲ್ಲೆಗಳ ಮೇಲೆ ಹಕ್ಕು ಕೊಟ್ಟಿತು. ರೊಡೇಷಿಯಾದ 1975ರ ಕಾಯ್ದೆ, ಜಮೀನುದಾರನನ್ನೇ ಅವನ ನೆಲದ ವನ್ಯಜೀವಿಗಳ ಮೇಲಿನ ಅಧಿಕಾರಿ ಎಂದು ಘೋಷಿಸಿತು. ದಕ್ಷಿಣ ಆಫ್ರಿಕಾದ 1991ರ ಗೇಮ್ ಥೆಫ್ಟ್ ಕಾಯ್ದೆ ಇನ್ನೂ ಸೂಕ್ಷ್ಮವಾದ ಗಂಟು ಬಿಡಿಸಿತು. ಹಳೆಯ ಕಾನೂನಿನಲ್ಲಿ ನಿಮ್ಮ ಕಾಡೆಮ್ಮೆ ಬೇಲಿ ಹಾರಿದ ಕ್ಷಣ ಅದು ನಿಮ್ಮದಲ್ಲ. ಹೊಸ ಕಾನೂನಿನಲ್ಲಿ, ಬೇಲಿ ಸಾಕಷ್ಟು ಭದ್ರವಾಗಿದೆ ಎಂದು ಸರ್ಕಾರದ ಪ್ರಮಾಣಪತ್ರವಿದ್ದರೆ, ಅದು ಎಲ್ಲಿಗೆ ಹೋದರೂ ನಿಮ್ಮದೇ. ಕೋಟಿಗಟ್ಟಲೆ ಹಣ ಪ್ರಾಣಿಗಳ ಮೇಲೆ ಹರಿಯತೊಡಗಿದ್ದು ಈ ಭರವಸೆಯಿಂದ.

ಈ ವರ್ಷಗಳನ್ನು ಅಲ್ಲಿನ ರಾಜಕೀಯದ ಪಕ್ಕದಲ್ಲಿಟ್ಟು ನೋಡಬೇಕು. 1975ರ ರೊಡೇಷಿಯಾ ಇಯಾನ್ ಸ್ಮಿತ್ ಅವರ ಬಿಳಿಯ ಅಲ್ಪಸಂಖ್ಯಾತ ಸರ್ಕಾರದ್ದು. ನಮೀಬಿಯಾ ಆಗ ವರ್ಣಭೇದದ ದಕ್ಷಿಣ ಆಫ್ರಿಕಾದ ಹಿಡಿತದಲ್ಲಿತ್ತು. ದಕ್ಷಿಣ ಆಫ್ರಿಕಾದಲ್ಲಂತೂ 1913ರ ಭೂ ಕಾಯ್ದೆ ಕಪ್ಪು ಜನರಿಗೆ ದೇಶದ ಶೇ. 7ರಷ್ಟು ನೆಲವನ್ನು ಮಾತ್ರ ಬಿಟ್ಟಿತ್ತು, ಅದು ಶೇ. 13ಕ್ಕೆ ಏರಲು 1936 ಬರಬೇಕಾಯಿತು. ಭೂಮಾಲೀಕರಿಗೆ ಪ್ರಾಣಿ ಸೇರಿದ್ದು ಎಂದು ಆ ಹೊತ್ತಿನಲ್ಲಿ ಬರೆದರೆ, ಪ್ರಾಣಿ ಯಾರಿಗೆ ಸೇರುತ್ತದೆ ಎಂದು ಬಿಡಿಸಿ ಹೇಳಬೇಕಿರಲಿಲ್ಲ. ಜಿಂಬಾಬ್ವೆಯ ಸಾಮುದಾಯಿಕ ಭೂಮಿಯ ಹಳ್ಳಿಗಳು ಕ್ಯಾಂಪ್‌ಫೈರ್ ಯೋಜನೆಯ ಮೂಲಕ ಬೇಟೆಯ ಆದಾಯದಲ್ಲಿ ಪಾಲು ಕಂಡದ್ದು 1989ರಿಂದ. ಅಲ್ಲೂ ಅಧಿಕಾರ ಜಿಲ್ಲಾ ಮಂಡಳಿಯ ಕೈಯಲ್ಲೇ ಇತ್ತು. ನಮೀಬಿಯಾದ ಹಳ್ಳಿಗರು 1996ರವರೆಗೆ ಕಾದರು.

ಜಿಂಬಾಬ್ವೆಯ ಆಗ್ನೇಯ ಮೂಲೆಯ ಸಾವೆ ವ್ಯಾಲಿಯಲ್ಲಿ ಈ ಅಂತರದ ಫಲ ಕಣ್ಣಿಗೆ ಕಟ್ಟುವಂತಿದೆ. ಅಲ್ಲಿನ ದನದ ರಾಂಚ್‌ಗಳ ಮಾಲೀಕರು 1991ರಲ್ಲಿ ಒಂದುಗೂಡಿ ಕನ್ಸರ್ವೆನ್ಸಿ, ಅಂದರೆ ಒಟ್ಟಾಗಿ ನೋಡಿಕೊಳ್ಳುವ ವನ್ಯಜೀವಿ ಪ್ರದೇಶ, ಕಟ್ಟಿದರು. ಮರುವರ್ಷದ ಭೀಕರ ಬರ ದನಗಳನ್ನು ಮುಗಿಸಿತು. ಮಾಲೀಕರು ಒಳಬೇಲಿಗಳನ್ನು ಕಿತ್ತು, ಸುಮಾರು 3,400 ಚದರ ಕಿ.ಮೀ. ನೆಲವನ್ನು ಒಂದೇ ಕಾಡಾಗಿಸಿ, ಹೊರಗಡಿಗೆ ಜೋಡಿ ಬೇಲಿ ಹಾಕಿದರು. ಜೋಡಿ ಬೇಲಿ ಕಾಲುಬಾಯಿ ರೋಗದ ಭಯಕ್ಕೆ. ಕಾಡೆಮ್ಮೆ ಆ ವೈರಾಣುವನ್ನು ಹೊತ್ತೂ ಕಾಯಿಲೆ ಬೀಳದೆ ತಿರುಗುತ್ತದೆ, ಪಕ್ಕದ ದನಕ್ಕೆ ತಗುಲಿದರೆ ದೇಶದ ಮಾಂಸ ರಫ್ತೇ ನಿಲ್ಲುತ್ತದೆ. ಪಕ್ಕದ ಗೊನಾರೆಜೋ ರಾಷ್ಟ್ರೀಯ ಉದ್ಯಾನದಲ್ಲಿ ಬರದಿಂದ ಸಾಯುತ್ತಿದ್ದ ನೂರಾರು ಆನೆಗಳನ್ನು, ಮರಿ, ತಾಯಿ, ಅಜ್ಜಿ ಸಮೇತ ಇಡೀ ಕುಟುಂಬಗಳಾಗಿ ಲಾರಿಗಳಲ್ಲಿ ತಂದು ಬಿಟ್ಟರು. ದೊಡ್ಡ ಆನೆಗಳನ್ನು ಹಾಗೆ ಸಾಗಿಸಬಹುದೆಂದು ಜಗತ್ತಿಗೆ ಗೊತ್ತಾದದ್ದೇ ಆಗ. ಕಪ್ಪು ಘೇಂಡಾಮೃಗ, ಕಾಡುನಾಯಿ, ಸಿಂಹ, ಎಲ್ಲವೂ ಹೆಚ್ಚಿದವು.

2000ದಲ್ಲಿ ಬಿಳಿಯರ ಜಮೀನುಗಳ ವಶಪಡಿಕೆ ಶುರುವಾದಾಗ ಕನ್ಸರ್ವೆನ್ಸಿಯ ದಕ್ಷಿಣ ಭಾಗಕ್ಕೆ ಭೂಹೀನ ಕುಟುಂಬಗಳು ಬಂದು ನೆಲೆಸಿದವು. ಬೇಲಿಯ ತಂತಿ ಕಿತ್ತು ಉರುಳುಗಳಾದವು. ಒಂದು ಕಿ.ಮೀ. ಬೇಲಿಯಲ್ಲಿ ನೂರಾರು ಉರುಳುಗಳಿಗೆ ಸಾಲುವಷ್ಟು ಉಕ್ಕಿರುತ್ತದೆ. ಕಾವಲುಗಾರರು ಪೊದೆಗಳಿಂದ ಬಿಚ್ಚಿ ರಾಶಿ ಹಾಕಿದ ಉರುಳುಗಳೇ ಸಾವಿರಾರು. ಕೊರಳಿಗೆ ತಂತಿ ಕೊರೆದು ಸತ್ತ ಕಾಡುನಾಯಿಗಾಗಿ ದುಃಖವಾಗುತ್ತದೆ. ಆದರೆ ಉರುಳು ಇಟ್ಟವನ ಅಜ್ಜನನ್ನು ಅದೇ ರೀತಿಯ ನೆಲದಿಂದ ಎಬ್ಬಿಸಿ ಕಲ್ಲುಭೂಮಿಗೆ ತಳ್ಳಿದ್ದರು ಎಂಬುದನ್ನು ಮರೆತು ಅಳುವುದು ನನ್ನಿಂದಾಗದು. ಅದಕ್ಕಿಂತ ದೊಡ್ಡ ಅನ್ಯಾಯ ಆಮೇಲೆ ಆಯಿತು: 2012ರಲ್ಲಿ ಅಲ್ಲಿನ ಬೇಟೆ ಪ್ರದೇಶಗಳ 25 ವರ್ಷದ ಗುತ್ತಿಗೆಗಳು ಆಳುವ ಪಕ್ಷದ ಪ್ರಭಾವಿಗಳಿಗೆ ಹೋದವು. ಹಳ್ಳಿಗರು ಬೇಲಿಯ ಹೊರಗೇ ಉಳಿದರು.

ದಕ್ಷಿಣ ಆಫ್ರಿಕಾದಲ್ಲಿ ಇದೇ ಹೊತ್ತಿಗೆ ಬೆಲೆಗಳು ಹುಚ್ಚೆದ್ದವು. ರೋಗವಿಲ್ಲದ ಕಾಡೆಮ್ಮೆ ವಿರಳ, ಆದ್ದರಿಂದ ದುಬಾರಿ; ಉದ್ದ ಕೊಂಬಿನದಾದರೆ ಇನ್ನೂ ದುಬಾರಿ. 2012ರಲ್ಲಿ, ಮುಂದೆ ದೇಶದ ಅಧ್ಯಕ್ಷರಾದ ಸಿರಿಲ್ ರಾಮಫೋಸಾ ಹರಾಜೊಂದರಲ್ಲಿ ಒಂದು ಕಾಡೆಮ್ಮೆ ಮತ್ತು ಅದರ ಕರುವಿಗೆ ಸುಮಾರು 2 ಕೋಟಿ ರ‍್ಯಾಂಡ್‌ವರೆಗೆ ಕೂಗಿ, ಬಡತನ ತುಂಬಿದ ದೇಶದಲ್ಲಿ ಹಾಗೆ ಮಾಡಿದ್ದು ತಪ್ಪೆಂದು ಕ್ಷಮೆ ಕೇಳಿದರು. ಅವರು ಅಧ್ಯಕ್ಷರಾದ ಮೇಲೆ ಅವರದೇ ಫಾಲಾ ಫಾಲಾ ಗೇಮ್ ಫಾರ್ಮ್‌ನ ಸೋಫಾದಿಂದ ಕಳುವಾದ 5,80,000 ಡಾಲರ್ ಕಾಡೆಮ್ಮೆ ಮಾರಿದ ಹಣವೆಂದು ಹೇಳಿದಾಗ ದೇಶವೇ ಅಲ್ಲಾಡಿತು. 2016ರಲ್ಲಿ ಹೊರೈಜನ್ ಎಂಬ ಕೋಣದ ಕಾಲು ಪಾಲು 4.4 ಕೋಟಿ ರ‍್ಯಾಂಡ್‌ಗೆ ಮಾರಾಟವಾಯಿತು. ಚಿನ್ನದ ಬಣ್ಣದ ವೈಲ್ಡ್‌ಬೀಸ್ಟ್, ಕಪ್ಪು ಇಂಪಾಲಾಗಳನ್ನು ತಳಿ ಮಾಡಿದವರು ಆ ಬಣ್ಣ ಎಲ್ಲರ ಬಳಿಯೂ ಆದ ಕೂಡಲೇ ನಷ್ಟಕ್ಕೆ ಬಿದ್ದರು. ಬಣ್ಣಕ್ಕಾಗಿ ಹುಲ್ಲೆ ಬೆಳೆಸುವುದನ್ನು ಸಂರಕ್ಷಣೆ ಎಂದು ಕರೆಯಬಾರದು.

ಬೆಲೆಯನ್ನು ನಂಬಿದ ಕಾಡು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಜಾನ್ ಹ್ಯೂಮ್ ಅವರ ರಾಂಚ್ ತೋರಿಸಿತು. ಕ್ಲರ್ಕ್ಸ್‌ಡಾರ್ಪ್ ಬಳಿಯ 7,800 ಹೆಕ್ಟೇರ್‌ನಲ್ಲಿ ಅವರ ಬಳಿ ಸುಮಾರು 2,000 ಬಿಳಿ ಘೇಂಡಾಮೃಗಗಳಿದ್ದವು. ಕಳ್ಳಬೇಟೆಗಾರ ಬಾರದಿರಲೆಂದು ಕೊಂಬುಗಳನ್ನು ಆಗಾಗ ಕತ್ತರಿಸುತ್ತಿದ್ದರು. ಉಗುರಿನಂತೆ ಅವು ಮತ್ತೆ ಬೆಳೆಯುತ್ತವೆ. ಆ ಕೊಂಬುಗಳನ್ನು ಒಂದು ದಿನ ಕಾನೂನುಬದ್ಧವಾಗಿ ಮಾರಬಹುದು ಎಂಬ ನಿರೀಕ್ಷೆಯ ಮೇಲೆ ಇಡೀ ರಾಂಚ್ ನಿಂತಿತ್ತು. 1977ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಷೇಧ ಸಡಿಲವಾಗಲಿಲ್ಲ. ಕಾವಲಿನ ಖರ್ಚು ನಿಲ್ಲಲಿಲ್ಲ. 2023ರ ಏಪ್ರಿಲ್ ಕೊನೆಯಲ್ಲಿ 1 ಕೋಟಿ ಡಾಲರ್ ಆರಂಭಿಕ ಬೆಲೆಗೆ ಎಲ್ಲವನ್ನೂ ಹರಾಜಿಗಿಟ್ಟಾಗ ಒಬ್ಬರೂ ಕೂಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಆಫ್ರಿಕನ್ ಪಾರ್ಕ್ಸ್ ಎಂಬ ಲಾಭರಹಿತ ಸಂಸ್ಥೆ ಕೊಂಡು, 10 ವರ್ಷದೊಳಗೆ ಅಷ್ಟನ್ನೂ ಬೇರೆ ಬೇರೆ ಕಾಡುಗಳಿಗೆ ಬಿಡುವುದಾಗಿ ಹೇಳಿತು. ಒಬ್ಬ ವ್ಯಕ್ತಿಯ ಸಾಲ-ಸೋಲದ ಮೇಲೆ ಒಂದು ಜೀವಿಯ ಅಷ್ಟು ದೊಡ್ಡ ಪಾಲು ತೂಗಾಡಿದ್ದು ಭಯ ಹುಟ್ಟಿಸುವ ಸಂಗತಿ.

ಇಂದು ಕೊಳ್ಳಲು ಹೋಗುವವರ ಮುಂದೆ ಪ್ರಾಣಿಗಳ ಪಟ್ಟಿಗಿಂತ ಮುಖ್ಯವಾದ ಕಾಗದಗಳಿವೆ. ದಕ್ಷಿಣ ಆಫ್ರಿಕಾದಲ್ಲಿ 1913ರ ಜೂನ್ 19ರ ನಂತರ ಜನಾಂಗೀಯ ಕಾನೂನುಗಳಿಂದ ನೆಲ ಕಳೆದುಕೊಂಡವರು 1994ರ ಕಾಯ್ದೆಯಡಿ 1998ರ ಕೊನೆಯವರೆಗೆ ಅದನ್ನು ಮರಳಿ ಕೇಳಿ ಅರ್ಜಿ ಹಾಕಬಹುದಿತ್ತು, ಅವುಗಳಲ್ಲಿ ಹಲವು ಇನ್ನೂ ಇತ್ಯರ್ಥವಾಗಿಲ್ಲ. ಜಮೀನಿನ ಮೇಲೆ ಅಂಥ ಅರ್ಜಿ ಇದೆಯೇ ಎಂದು ನೋಡದೆ ಹಣ ಕೊಡುವುದು ಮೂರ್ಖತನ, ಜೊತೆಗೆ ಅನ್ಯಾಯ. ತಲೆಮಾರುಗಳಿಂದ ಆ ಜಮೀನಿನಲ್ಲೇ ದುಡಿದು ಬದುಕಿದ ಕುಟುಂಬಗಳಿಗೆ 1997ರ ಕಾಯ್ದೆ ವಾಸದ ರಕ್ಷಣೆ ಕೊಡುತ್ತದೆ, ಬೇಲಿಯೊಳಗಿನ ಹಿರಿಯರ ಸಮಾಧಿಗೆ ಹೋಗುವ ಹಕ್ಕನ್ನೂ ಕೊಡುತ್ತದೆ. ದನದ ಜಮೀನು ಸಿಂಹದ ಜಮೀನಾದಾಗ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯಬಹುದು. ನಮೀಬಿಯಾದಲ್ಲಿ 1995ರ ಕಾಯ್ದೆಯಂತೆ ವಾಣಿಜ್ಯ ಕೃಷಿಭೂಮಿಯನ್ನು ಮೊದಲು ಸರ್ಕಾರಕ್ಕೆ ಕೊಡಲು ಮುಂದಾಗಬೇಕು. ವಿದೇಶಿಯರಿಗೆ ಸಚಿವರ ಒಪ್ಪಿಗೆ ಬೇಕು.

ಭೂಮಿ ಮರಳಿ ಪಡೆದವರೆಲ್ಲ ಕಾಡು ಕಡಿಯುತ್ತಾರೆ ಎಂಬ ಹಳೆಯ ಭಯಕ್ಕೆ ಮಕುಲೆಕೆ ಜನ ಉತ್ತರ ಕೊಟ್ಟಿದ್ದಾರೆ. ಕ್ರೂಗರ್ ಉದ್ಯಾನದ ಉತ್ತರ ತುದಿಯ ಪಫುರಿಯಿಂದ 1969ರಲ್ಲಿ ಅವರನ್ನು ಬಲವಂತವಾಗಿ ಎಬ್ಬಿಸಿದ್ದರು. 1998ರಲ್ಲಿ ಸುಮಾರು 24,000 ಹೆಕ್ಟೇರ್ ಮರಳಿ ಸಿಕ್ಕಾಗ ಅದನ್ನು ವನ್ಯಜೀವಿಗಳಿಗೇ ಬಿಟ್ಟು, ಪ್ರವಾಸಿ ತಂಗುದಾಣಗಳಿಂದ ಆದಾಯ ಪಡೆಯಲು ನಿರ್ಧರಿಸಿದರು.

ನನಗೆ ಹೆಚ್ಚು ಆಸೆ ಹುಟ್ಟಿಸುವುದು ನಮೀಬಿಯಾದ ಹಳ್ಳಿ ಕನ್ಸರ್ವೆನ್ಸಿಗಳು. 1980ರ ದಶಕದಲ್ಲೇ ವಾಯವ್ಯದ ಕುನೆನೆಯಲ್ಲಿ ವನ್ಯಜೀವಿ ಸಂರಕ್ಷಕ ಗಾರ್ತ್ ಓವನ್-ಸ್ಮಿತ್ ಊರ ಮುಖಂಡರ ಜೊತೆ ಕೂತು, ಅವರೇ ಆರಿಸಿದ ಕಾವಲುಗಾರರನ್ನು ನೇಮಿಸಿದ್ದರು. 1996ರ ತಿದ್ದುಪಡಿ ಆ ಕೆಲಸಕ್ಕೆ ಕಾನೂನಿನ ಬಲ ಕೊಟ್ಟಿತು. 1998ರಲ್ಲಿ ನಾಲ್ಕು ಇದ್ದ ಕನ್ಸರ್ವೆನ್ಸಿಗಳು ಇಂದು 86. ಕಾವಲುಗಾರ ನಡೆಯುತ್ತಾ ಕಂಡದ್ದನ್ನು, ಸತ್ತ ಮೇಕೆ, ಚಿರತೆಯ ಹೆಜ್ಜೆ, ಆನೆ ಮುರಿದ ನೀರಿನ ಕೊಳವೆ, ಎಲ್ಲವನ್ನೂ ಸೊಂಟದ ಚೀಲದ ಪುಸ್ತಕದಲ್ಲಿ ಗುರುತು ಹಾಕುತ್ತಾನೆ. ತಿಂಗಳ ಕೊನೆಗೆ ಅದನ್ನು ಚೌಕಗಳಿಗೆ ಬಣ್ಣ ತುಂಬಿ ಒಂದು ಹಾಳೆಗೆ ಏರಿಸುತ್ತಾನೆ. ಲೆಕ್ಕ ಊರಲ್ಲೇ ಉಳಿಯುತ್ತದೆ, ಬೇಟೆ ಮತ್ತು ಪ್ರವಾಸದ ಹಣವೂ ಕನ್ಸರ್ವೆನ್ಸಿಗೇ ಬರುತ್ತದೆ.

ಆದರೆ ಅಲ್ಲೂ ಹಕ್ಕು ಅರ್ಧ ಮಾತ್ರ. ಹುಲ್ಲೆ ಊರಿನದು, ನೆಲ ಸರ್ಕಾರದ್ದು. ರಾಂಚ್ ಮಾಲೀಕ ಕ್ರಯಪತ್ರ ತೋರಿಸಿ ಸಾಲ ಪಡೆಯುತ್ತಾನೆ, ಒಳಬಂದವನನ್ನು ಹೊರಹಾಕುತ್ತಾನೆ. ಕನ್ಸರ್ವೆನ್ಸಿಗೆ ಎರಡೂ ಸಾಧ್ಯವಿಲ್ಲ. ಈಶಾನ್ಯದ ಸಾನ್ ಎಂಬ ಮೂಲನಿವಾಸಿ ಜನರ ನಾ ಜಾಕ್ನಾ ಕನ್ಸರ್ವೆನ್ಸಿಯೊಳಗೆ ಹೊರಗಿನವರು ದನ ತಂದು ಅಕ್ರಮವಾಗಿ ಬೇಲಿ ಹಾಕಿಕೊಂಡರು. ಸಾನ್ ಜನ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2016ರಲ್ಲಿ ಹೈಕೋರ್ಟ್ ಬೇಲಿ ತೆಗೆಯಲು ಆದೇಶಿಸಿತು. ಆ ಆದೇಶವನ್ನು ನೆಲದ ಮೇಲೆ ಜಾರಿ ಮಾಡಿಸಲು ಅವರು ಅದಾದ ಮೇಲೂ ವರ್ಷಗಟ್ಟಲೆ ಓಡಾಡಿದ್ದಾರೆ.