ಗೊರಬು ಹೊತ್ತ ದೋಣಿ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಸೇತುವೆ ಹತ್ತಿರ ಚಹಾ ಕುಡಿಯುತ್ತಾ ಮೊಬೈಲಿನಲ್ಲಿ ವೈಲ್ಡ್‌ವಾಟರ್ ಕಯಾಕ್ ರೇಸ್, ಅಂದರೆ ರಭಸದ ಹೊಳೆಯಲ್ಲಿ ಸಪೂರ ದೋಣಿಗೆ ಹುಟ್ಟು ಹಾಕುತ್ತಾ ಓಡುವ ಪಂದ್ಯ ನೋಡುತ್ತಿದ್ದೆ. ಕೆಳಗೆ ತುಂಗೆ ಕೆಂಪಗೆ ತುಂಬಿದ್ದಳು. ಪಕ್ಕದಲ್ಲಿದ್ದವರು ಇಣುಕಿ, "ಅದ್ರಲ್ಲೇನು ಮಹಾ, ಹೊಳೆನೇ ಹೊತ್ಕೊಂಡ್ ಹೋಗುತ್ತಲ್ಲ" ಅಂದರು.

ಹೊಳೆ ದಂಡೆಯಲ್ಲೇ ಹುಟ್ಟಿ ಬೆಳೆದವರು ಹೀಗಂದರೆ ಹೇಗೆ? ನೀರು ಎಲ್ಲ ಕಡೆ ಒಂದೇ ವೇಗದಲ್ಲಿ ಹೋಗುವುದಿಲ್ಲ. ನಡುವೆ ಜೋರು, ದಡದಲ್ಲಿ ನಿಧಾನ. ದೊಡ್ಡ ಬಂಡೆಯ ಹಿಂದೆ ಜಾಗ ತುಂಬಲು ನೀರು ವಾಪಸ್ಸೇ ಬರುತ್ತದೆ. ಅಲ್ಲಿ ಸುಳಿ ಎದ್ದರೆ ನಮ್ಮಲ್ಲಿ "ಹೊಳೆ ಬಲಿ ಕೇಳ್ತಿದೆ" ಅನ್ನುತ್ತಾರೆ. ಬಲಿಯೂ ಇಲ್ಲ, ಎಂಥದೂ ಇಲ್ಲ. (ಹಾಗಂತ ಆಷಾಢದ ಹೊಳೆಗೆ ಇಳಿಯಬೇಡಿ ಮಾರಾಯ್ರೆ.) ಸುಮ್ನೆ ಕೂತವನನ್ನು ಹೊಳೆ ಅಂಥಲ್ಲಿಗೆ ತಂದು ಹರಿಗೋಲಿನ ಹಾಗೆ ಗಿರಗಿರ ತಿರುಗಿಸುತ್ತದೆ. ಗೆಲ್ಲುವವನು ನೀರಿಗಿಂತ ಜೋರಾಗಿ ಹೋಗಬೇಕು.

ಈ ಆಟದ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಿದ್ದು 1959ರಲ್ಲಿ, ಫ್ರಾನ್ಸಿನ ವೆಝೇರ್ ನದಿಯಲ್ಲಿ, ಟ್ರೆನ್ಯಾಕ್ ಎಂಬ ಊರಲ್ಲಿ. ಕಂಬಗಳ ನಡುವೆ ನುಸುಳುವ ಸ್ಲಾಲಮ್ 1972ರಲ್ಲೇ ಒಲಿಂಪಿಕ್ಸ್ ಸೇರಿತು. ಕಂಬವಿಲ್ಲದ ಈ ಬಡಪಾಯಿ ಆಟ ಇನ್ನೂ ಹೊರಗೇ ಇದೆ. ಒಬ್ಬೊಬ್ಬರೇ ಹೊರಡಬೇಕು, ಗಡಿಯಾರವೇ ಎದುರಾಳಿ.

ನನಗೆ ಹುಚ್ಚು ಹಿಡಿಸಿದ್ದು ದೋಣಿ. ದೋಣಿ ಓಡುವಾಗ ತಾನೇ ಒಂದು ಅಲೆ ಎಬ್ಬಿಸುತ್ತದೆ. ವೇಗ ಜಾಸ್ತಿಯಾದಷ್ಟೂ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾಯಿತೋ, ದೋಣಿ ತಾನು ಎಬ್ಬಿಸಿದ ದಿಣ್ಣೆಯನ್ನು ತಾನೇ ಹತ್ತಬೇಕು. ಕೆಸರುಗದ್ದೆಯಲ್ಲಿ ನಡೆಯುವವನ ಮುಂದೆ ಕೆಸರೇ ಗುಡ್ಡೆಯಾದ ಹಾಗೆ. ನಾಲ್ಕೂವರೆ ಮೀಟರ್ ದೋಣಿಗೆ ಈ ಕಷ್ಟ ಗಂಟೆಗೆ ಸುಮಾರು 9.5 ಕಿ.ಮೀ. ವೇಗದಲ್ಲೇ ಎದುರಾಗುತ್ತದೆ. ಅದೂ ನೀರಿಗೆ ಹೋಲಿಸಿದ ವೇಗ, ದಡಕ್ಕಲ್ಲ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ 1860ರ ದಶಕದಲ್ಲಿ ಡಾರ್ಟ್ ನದಿಯಲ್ಲಿ ಈ ಅಲೆಗಳ ಹಿಂದೆ ಬಿದ್ದಿದ್ದ. ಸ್ವಾನ್, ರೇವನ್ ಎಂದು ಎರಡು ಆಕಾರದ ಪುಟ್ಟ ದೋಣಿಗಳನ್ನು ಎಳೆಸಿ ನೋಡಿದ. ಹಂಸವೋ ಕಾಗೆಯೋ ಅಂದರೆ, ಎಲ್ಲ ವೇಗದಲ್ಲೂ ಗೆಲ್ಲುವ ಆಕಾರ ಯಾವುದೂ ಇರಲಿಲ್ಲ. ಅದೇ ಡಾರ್ಟ್‌ನಲ್ಲಿ ಈಗ ಕಯಾಕ್‌ಗಳು ಹಾರುತ್ತವೆ!

ದಾರಿ ಒಂದೇ: ದೋಣಿ ಸಪೂರ ಇದ್ದರೆ ಅಲೆ ಚಿಕ್ಕದು. ಆದರೆ ನಿಯಮ ಬಿಡಬೇಕಲ್ಲ? ಒಬ್ಬರು ಕೂರುವ ಕಯಾಕ್ 4.5 ಮೀಟರಿಗಿಂತ ಉದ್ದ ಇರಬಾರದು, 60 ಸೆಂ.ಮೀ.ಗಿಂತ ಸಣ್ಣ ಅಗಲ ಇರಬಾರದು. ಅಗಲ ಎಲ್ಲಿರಬೇಕು? ನೀರಿನಲ್ಲೇ ಇರಬೇಕೆಂದಿಲ್ಲ. ದೋಣಿ ಮಾಡುವವರು ಕೂತವನ ಬೆನ್ನ ಹಿಂದೆ, ನೀರಿನಿಂದ ಮೇಲೆ, ಎರಡೂ ಕಡೆ ರೆಕ್ಕೆ ಉಬ್ಬಿಸಿಬಿಟ್ಟರು. ನೀರಲ್ಲಿರುವ ಭಾಗ ಸಪೂರ, ಅಳತೆ ಪಟ್ಟಿಗೆ 60. ಮಲೆನಾಡಿನ ಮನೆಯನ್ನು ಗೋಡೆಗೆ ಬದಲು ಸೂರಿನಿಂದ ಅಳೆದ ಹಾಗೆ. ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ಹೊತ್ತು ನಟ್ಟಿ ಮಾಡುವವರನ್ನು ನೋಡಿದ್ದೀರಲ್ವಾ? ಬೆನ್ನ ಮೇಲೆ ಅಷ್ಟಗಲ, ಕೆಸರಲ್ಲಿ ಎರಡು ಸಣ್ಣ ಕಾಲು. ಅಗಲವಾದ ಹಿಂಭಾಗ ಹುಟ್ಟು ಹಾಕುವ ಕೈಗೂ ಅಡ್ಡ ಬರುವುದಿಲ್ಲ.

ಇದಕ್ಕೆ ಚುಕ್ಕಾಣಿಯೂ ಇಲ್ಲ. ಎಡಕ್ಕೆ ತಿರುಗಲು ದೋಣಿಯನ್ನು ಬಲಕ್ಕೆ ವಾಲಿಸುತ್ತಾರೆ, ಸೈಕಲ್ಲಿಗೆ ಪೂರ್ತಿ ಉಲ್ಟಾ. ವಾಲಿದ ಕಡೆಯ ಉಬ್ಬು ಹೊಟ್ಟೆ ನೀರಲ್ಲಿ ಮುಳುಗಿ ಮೂತಿಯನ್ನು ಆಚೆಗೆ ತಳ್ಳುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಚಹಾ ತಣ್ಣಗಾಗಿತ್ತು. ಪಕ್ಕದವರು ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ಕೇಳಿದರು: "ಹಂಗ್ ವಾಲಿದ್ರೆ ಗೊರಬು ಹೊಳೆಗೆ ತಾಗಲ್ವಾ?"

ತಾಗುತ್ತದೆ. ತಾಗಿದಾಗ ಅದೇ ಒಂದು ಕ್ಷಣ ಆಸರೆ.